ಹೆಬ್ರಿಯ ದನದ ಹಟ್ಟಿಯಲ್ಲಿ ಸಿಕ್ಕಿದ ಸಿಜೆ-3ಬಿ ಜೀಪ್

ಹಳೇ ಜೀಪ್ ತೆಗೊಂಡೆ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಇಂಜಿನ್ ಹೇಗುಂಟು?" ಜಾಮ್ ಆಗಿದೆ ಅಂದರೆ ಅವರ ಮುಖವೇ ಸಣ್ಣದಾಗುತ್ತದೆ. ನನ್ನ ಪ್ರಕಾರ ಇಂಜಿನ್ ಕೊನೆಗೆ ನೋಡುವ ವಿಷಯ. ನಮ್ಮ ಕರಾವಳಿಯಲ್ಲಿ ವರ್ಷಗಟ್ಟಲೆ ನಿಂತ ಜೀಪ್ ನೋಡಲು ಹೋದವರು ಮೊದಲು ಚಾಸಿಸ್, ಅಂದರೆ ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟು, ನೋಡಬೇಕು, ಆಮೇಲೆ ಆರ್‌ಸಿ ಪುಸ್ತಕ. ಇವೆರಡು ಸರಿ ಇದ್ದರೆ ಉಳಿದದ್ದೆಲ್ಲ ದುಡ್ಡು ಮತ್ತು ಪುರುಸೊತ್ತಿನ ಮಾತು. ಇವುಗಳಲ್ಲಿ ಒಂದು ಕೆಟ್ಟಿದ್ದರೂ, ಸೆಲ್ಫ್ ಕೊಟ್ಟ ಕೂಡಲೇ ಇಂಜಿನ್ ಸ್ಟಾರ್ಟ್ ಆದರೂ, ಚಾ ಕುಡಿದು ವಾಪಸ್ ಬರುವುದೇ ಒಳ್ಳೆಯದು.

ಹಾಗೆ ವಾಪಸ್ ಬಂದದ್ದೂ ಉಂಟು. ಮಲ್ಪೆ ಕಡೆ ಒಂದು ಮಹೀಂದ್ರ ಜೀಪ್ ಮಾರಾಟಕ್ಕಿತ್ತು. ಹೊಸ ಹಸಿರು ಪೇಂಟ್, ಹೊಸ ಟಾಪ್, ಡೀಸೆಲ್ ಇಂಜಿನ್ ಕೂರಿಸಿದ್ದರು, ಚೆನ್ನಾಗಿಯೇ ಓಡುತ್ತಿತ್ತು. ನಾನು ಗೋಣಿ ಹಾಸಿ ಅಡಿಗೆ ಮಲಗಿದೆ. ಕಡಲ ಬದಿಯಲ್ಲಿ ಬಲೆ, ಮೀನು ಎಳೆದ ಗಾಡಿ ಅದು. ಹಿಂದಿನ ಕ್ರಾಸ್‌ಮೆಂಬರ್ ಸೇರುವಲ್ಲಿ ಸ್ಕ್ರೂಡ್ರೈವರ್ ಒತ್ತಿದರೆ ಕಬ್ಬಿಣ ಪತ್ರೊಡೆಯ ಹಾಗೆ ಪದರ ಪದರವಾಗಿ ಎದ್ದು ಬಂತು. ಮೇಲಿಂದ ದಪ್ಪಗೆ ಡಾಂಬರು ಬಳಿದು ಮುಚ್ಚಿದ್ದರು. ಉಪ್ಪಿನ ಗುಣವೇ ಹಾಗೆ, ಗಾಳಿಯ ತೇವವನ್ನು ಎಳೆದು ಹಿಡಿದುಕೊಳ್ಳುತ್ತದೆ. ಮೇಲೆ ಎಷ್ಟು ಬಣ್ಣ ಹೊಡೆದರೂ ಒಳಗೆ ತಿನ್ನುವುದು ನಿಲ್ಲುವುದಿಲ್ಲ. ಡಾಂಬರು ಬಳಿದರೆ ತೇವ ಹೊರಗೆ ಬರುವ ದಾರಿಯೂ ಬಂದ್. ಮಾರುವವರು ನಮ್ಮ ದೂರದ ನೆಂಟರೇ. ಏನೂ ಹೇಳದೆ ಗೋಣಿ ಮಡಚಿದೆ.

ಹೆಬ್ರಿಯ ಜೀಪಿನ ಸುದ್ದಿ ಕೊಟ್ಟವನು ಅಡಿಕೆ ವ್ಯಾಪಾರ ಮಾಡುವ ಒಬ್ಬ ಸ್ನೇಹಿತ. ಸೋಮೇಶ್ವರದ ಕಡೆ ತೋಟದ ಮನೆ. "ಹಟ್ಟಿಯಲ್ಲಿ ಒಂದು ಜೀಪ್ ಉಂಟು ಮಾರಾಯ, ಬಾನೆಟ್ ಮಾತ್ರ ಕಾಣ್ತದೆ" ಅಂದಿದ್ದ. ಹೋಗಿ ನೋಡಿದರೆ ನಿಜಕ್ಕೂ ಬಾನೆಟ್ ಮಾತ್ರ. ಹಿಂದೆಲ್ಲ ತೆಂಗಿನ ಸಿಪ್ಪೆ ತುಂಬಿತ್ತು. ಸೀಟಿನ ಮೇಲೆ ಅಡಿಕೆ ಹಾಳೆಯ ಕಟ್ಟು, ಸ್ಟೀರಿಂಗಿಗೆ ದನದ ಹಗ್ಗ. ನಾಲ್ಕೂ ಟಯರ್ ಚಪ್ಪಟೆಯಾಗಿ ನೆಲಕ್ಕೆ ಅಂಟಿದ್ದವು. ಮನೆಯ ಅಮ್ಮ ಜಗಲಿಯಿಂದಲೇ ಕೂಗಿ ಹೇಳಿದರು, "ಸುಮ್ನೆ ಕೈ ಹಾಕ್ಬೇಡಿ ಮಗ, ಕೋಲಲ್ಲಿ ಒಮ್ಮೆ ಬಡೀರಿ. ಹಾವು ಉಂಟೋ ಏನೋ."

ಹಾವು ಇರಲಿಲ್ಲ. ಡ್ಯಾಶ್‌ಬೋರ್ಡಿನಡಿ ಕಣಜದ ಗೂಡು ಇತ್ತು, ಅದು ಬೇರೆ ಕಥೆ.

ಬಾನೆಟ್ ಕಂಡದ್ದೇ ಸಾಕಾಯಿತು ನನಗೆ. ಅಷ್ಟು ಎತ್ತರದ ಬಾನೆಟ್ ಸಿಜೆ-3ಬಿ ಮಾಡೆಲಿನ ಗುರುತು. ಯುದ್ಧಕಾಲದ ಜೀಪಿನ ಇಂಜಿನ್‌ನಲ್ಲಿ ಎರಡೂ ವಾಲ್ವ್ ಬ್ಲಾಕಿನ ಬದಿಯಲ್ಲೇ ಇದ್ದವು, ಹಾಗಾಗಿ ಇಂಜಿನ್ ಗಿಡ್ಡ. ಆ ಜೀಪ್ ಮಾಡಿದ ಅಮೆರಿಕದ ವಿಲ್ಲೀಸ್ ಕಂಪನಿಯವರು ಆಮೇಲೆ ಹರಿಕೇನ್ ಇಂಜಿನ್ ತಂದರು. ಅದರಲ್ಲಿ ಗಾಳಿ-ಪೆಟ್ರೋಲ್ ಒಳಗೆ ಬಿಡುವ ಇನ್‌ಟೇಕ್ ವಾಲ್ವ್ ಮೇಲೆ, ಇಂಜಿನ್ನಿನ ಮುಚ್ಚಳದಂಥ ಹೆಡ್ಡಿನಲ್ಲಿ, ಹೊಗೆ ಹೊರಗೆ ಬಿಡುವ ಎಕ್ಸಾಸ್ಟ್ ವಾಲ್ವ್ ಕೆಳಗೆ ಬ್ಲಾಕಿನಲ್ಲಿ. ಇಂಜಿನ್ ಎತ್ತರವಾಯಿತು, ಅದನ್ನು ಮುಚ್ಚಲು ಬಾನೆಟ್ಟನ್ನೂ ಎತ್ತರಿಸಿದರು. 1953ರಲ್ಲಿ ಅಮೆರಿಕದಲ್ಲಿ ಶುರುವಾದ ಈ ಮಾಡೆಲ್ ಅಲ್ಲಿ 1968ಕ್ಕೆ ನಿಂತಿತು. ಲೈಸೆನ್ಸ್ ಪಡೆದಿದ್ದ ಮಹೀಂದ್ರ ನಮ್ಮಲ್ಲಿ ಅದನ್ನು ಮತ್ತೂ ವರ್ಷಗಟ್ಟಲೆ ಮಾಡುತ್ತಿತ್ತು. ಇದು 1970ರ ಗಾಡಿ, ಪೆಟ್ರೋಲ್, 2.2 ಲೀಟರಿನ ನಾಲ್ಕು ಸಿಲಿಂಡರ್. ಯಾರೂ ಡೀಸೆಲ್ ಇಂಜಿನ್ ಹಾಕಿಸದೆ ಉಳಿದದ್ದು ದೊಡ್ಡ ವಿಷಯ. ಪೆಟ್ರೋಲ್ ರೇಟಿಗೆ ಹೆದರಿ ನಮ್ಮ ಕಡೆ ಹೆಚ್ಚಿನ ಜೀಪ್‌ಗಳ ಹೊಟ್ಟೆ ಬದಲಾಗಿ ಹೋಗಿದೆ.

ಅಡಿಗೆ ಮಲಗಿ ನೋಡಲು ಮೊದಲು ಸಗಣಿ, ಮಣ್ಣು ಗೋರಬೇಕಾಯಿತು. ಒಂದು ಸಣ್ಣ ಸುತ್ತಿಗೆ ಹಿಡಿದು ಚಾಸಿಸ್ಸಿನ ಉದ್ದಕ್ಕೂ ಬಡಿಯುತ್ತಾ ಹೋದೆ. ಗಟ್ಟಿ ಇದ್ದಲ್ಲಿ ಟಣ್ ಅನ್ನುತ್ತದೆ, ತಿಂದಲ್ಲಿ ದಪ್ ಅಂತ ಮೊಂಡು ಸದ್ದು. ಜೀಪಿನ ಚಾಸಿಸ್ ಹೆಚ್ಚಿನ ಕಡೆ ಸಿ ಆಕಾರದ ಚಾನೆಲ್. ಅದರ ಕೆಳ ತುಟಿಯ ಮೇಲೆ ಕೆಸರು ಕೂತು ಗಟ್ಟಿಯಾಗಿ, ಮಳೆಗಾಲವಿಡೀ ಒದ್ದೆಯಾಗಿಯೇ ಇರುತ್ತದೆ. ಸ್ಪ್ರಿಂಗ್ ಹ್ಯಾಂಗರ್ ಸುತ್ತ, ಸ್ಟೀರಿಂಗ್ ಬಾಕ್ಸ್ ಬೋಲ್ಟ್ ಆಗುವಲ್ಲಿ, ಹಿಂದಿನ ಕ್ರಾಸ್‌ಮೆಂಬರ್ ಮೂಲೆಯಲ್ಲಿ ನೋಡಲೇಬೇಕು. ಸ್ಟೀರಿಂಗ್ ಬಾಕ್ಸ್ ಹತ್ತಿರ ತುಕ್ಕಿಗಿಂತ ಬಿರುಕಿನ ಭಯ ಜಾಸ್ತಿ. ಇದರಲ್ಲಿ ಹಿಂದಿನ ಎಡ ಮೂಲೆಯಲ್ಲಿ ಮಾತ್ರ ಅಂಗೈಯಷ್ಟು ಜಾಗ ಮೊಂಡು ಸದ್ದು ಮಾಡಿತು. ಮಾಡು ಸೋರಿ ನೀರು ಬೀಳುತ್ತಿದ್ದದ್ದು ಸರಿಯಾಗಿ ಅಲ್ಲಿಗೇ. ಬಾಕಿ ಎಲ್ಲ ಟಣ್.

ಉಡುಪಿಯಲ್ಲೇ ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ, ಘಟ್ಟದ ಬುಡದ ಹೆಬ್ರಿಯಲ್ಲಿ ಇನ್ನೂ ಜಾಸ್ತಿ. ಆದರೂ ಹೆಬ್ರಿಯ ಜೀಪ್ ಮಲ್ಪೆಯದ್ದಕ್ಕಿಂತ ಗಟ್ಟಿ ಉಳಿದಿದೆ. ಬರೀ ಮಳೆನೀರಿನ ತುಕ್ಕು ನಿಧಾನ, ಉಪ್ಪು ಸೇರಿದ ತುಕ್ಕು ಅವಸರದ್ದು. ಬಾಡಿಯದ್ದು ಮಾತ್ರ ಹೇಳಿ ಪ್ರಯೋಜನ ಇಲ್ಲ. ಫ್ಲೋರ್ ಇಲ್ಲವೇ ಇಲ್ಲ ಅನ್ನಬಹುದು, ಕಾಲಿಡುವಲ್ಲಿ ನೆಲ ಕಾಣುತ್ತಿತ್ತು. ಅದು ಟಿಂಕರ್ ಕೆಲಸ, ತಗಡು ಸಿಗುತ್ತದೆ, ಮಾಡಬಹುದು.

ಚಾಸಿಸ್ ನಂಬರ್ ಮೇಲೆ ವೈರ್ ಬ್ರಷ್ ಜೋರಾಗಿ ತಿಕ್ಕಬೇಡಿ. ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆಯಿರಿ. ಆರ್‌ಟಿಒದಲ್ಲಿ ಹೇಗೂ ಅದೇ ಕೇಳುತ್ತಾರೆ. ಅಂಕಿಗಳ ಸುತ್ತ ವೆಲ್ಡಿಂಗ್ ಗುರುತು, ಗ್ರೈಂಡರ್ ಗೀರು ಕಂಡರೆ ಅಲ್ಲಿಗೇ ವ್ಯಾಪಾರ ಬಿಡಬೇಕು. ಇಂಜಿನ್ ನಂಬರ್ ಬ್ಲಾಕಿನ ಮುಂದೆ, ವಾಟರ್ ಪಂಪ್ ಕೂರುವ ಗುಬಟಿನ ಮೇಲೆ ಇರುತ್ತದೆ. ಎರಡೂ ಆರ್‌ಸಿಗೆ ಸರಿಯಾಗಿ ಹೊಂದಿದವು.

ಆರ್‌ಸಿ ಪುಸ್ತಕ ದೇವರ ಕೋಣೆಯ ಮರದ ಪೆಟ್ಟಿಗೆಯಲ್ಲಿತ್ತು. ಕೈಬರಹದ್ದು, ಶಾಯಿ ಸ್ವಲ್ಪ ಹರಡಿತ್ತು. ಗಾಡಿ ಅಮ್ಮನ ಯಜಮಾನರ ಹೆಸರಿನಲ್ಲಿ. ಅವರು ತೀರಿಹೋಗಿ ಬಹಳ ವರ್ಷವಾಗಿದೆ, ಹೆಸರು ಬದಲಾಯಿಸಿರಲಿಲ್ಲ. ಹಳೇ ಗಾಡಿ ತೆಗೆಯುವವರು ಎಡವುವುದು ಇಲ್ಲೇ. ಸೀದಾ ಹೆಸರು ವರ್ಗಾವಣೆಯ 29, 30 ಫಾರ್ಮಿಗೆ ಸಹಿ ಹಾಕಿಸಿಕೊಂಡು ಬಂದರೆ ಆಗುವುದಿಲ್ಲ. ತೀರಿಹೋದವರು ಸಹಿ ಹಾಕುವುದಿಲ್ಲ, ಅಲ್ವಾ? ಮೊದಲು ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ, ಮಕ್ಕಳೆಲ್ಲರ ಒಪ್ಪಿಗೆಯ ಅಫಿಡವಿಟ್ ಸೇರಿಸಿ 31ನೇ ಫಾರ್ಮಿನಲ್ಲಿ ವಾರಸುದಾರರ ಹೆಸರಿಗೆ ಮಾಡಿಸಬೇಕು. ಆಮೇಲೆ ಅವರಿಂದ ನಮ್ಮ ಹೆಸರಿಗೆ. ಇಷ್ಟು ಹಳೆಯ ಆರ್‌ಸಿ ಕಂಪ್ಯೂಟರಿನಲ್ಲಿ ಇರುವುದಿಲ್ಲ. ಕಚೇರಿಯ ಹಳೇ ರಿಜಿಸ್ಟರ್ ನೋಡಿ ವಾಹನ್ ಪೋರ್ಟಲ್‌ಗೆ ಬ್ಯಾಕ್‌ಲಾಗ್ ಎಂಟ್ರಿ ಮಾಡಿಸಬೇಕು. ಅದಾಗದೆ ಇನ್ಶೂರೆನ್ಸ್ ಇಲ್ಲ, ಹೊಸ ನಂಬರ್ ಪ್ಲೇಟೂ ಇಲ್ಲ. ಮುಂಬೈಯಲ್ಲಿರುವ ಮಗ ಫೋನಿನಲ್ಲಿ "ನೀವು ಗಾಡಿ ತೆಗೊಂಡು ಹೋಗಿ, ಪೇಪರ್ ಆಮೇಲೆ ನೋಡುವ" ಅಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಅಫಿಡವಿಟ್ ಕೈಗೆ ಬಂದ ಮೇಲೆಯೇ ನಾನು ಬಾಕಿ ಹಣ ಕೊಟ್ಟದ್ದು.

ಐವತ್ತು ವರ್ಷ ದಾಟಿದ ಗಾಡಿಗೆ ವಿಂಟೇಜ್ ರಿಜಿಸ್ಟ್ರೇಷನ್ ಅಂತ 2021ರಿಂದ ಒಂದು ದಾರಿ ಇದೆ. 20,000 ರೂಪಾಯಿ ಶುಲ್ಕ, ಹತ್ತು ವರ್ಷ ಅವಧಿ, ನಂಬರಿನಲ್ಲಿ ವಿಎ ಅಂತ ಬರುತ್ತದೆ. ಕೇಳಲು ಗತ್ತು. ಆದರೆ ಆ ಗಾಡಿಯನ್ನು ದಿನನಿತ್ಯ ಓಡಿಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ಹಾಕಿಸಲು, ರಿಪೇರಿಗೆ ಅಂತ ಮಾತ್ರ ರಸ್ತೆಗೆ ತರಬಹುದು. ನನಗೆ ಭಾನುವಾರ ಆಗುಂಬೆ ಘಾಟಿ ಹತ್ತಬೇಕು, ಕಾಪು ಕಡಲಿಗೆ ಹೋಗಬೇಕು. ಹಾಗಾಗಿ ಮಾಮೂಲು ರಿನೀವಲ್ಲೇ ಮಾಡಿಸುವುದು ಅಂತ ತೀರ್ಮಾನಿಸಿದೆ. ಇಪ್ಪತ್ತು ವರ್ಷ ದಾಟಿದ ಕಾರು, ಜೀಪಿಗೆ ಅದರ ಶುಲ್ಕ 2025ರಲ್ಲಿ 10,000 ರೂಪಾಯಿಗೆ ಏರಿದೆ. ಐದು ವರ್ಷಕ್ಕೊಮ್ಮೆ ಕೊಡಬೇಕು. ಕೊಡುವ.

ರೇಟಿನ ಮಾತು ಬೇಗ ಮುಗಿಯಿತು. ಗುಜರಿಯವರು ಕಿಲೋ ಲೆಕ್ಕದಲ್ಲಿ ಕೇಳಿ ಹೋಗಿದ್ದರು. ಸುಮಾರು ಒಂದು ಟನ್ ಗಾಡಿ, ಅವರ ಲೆಕ್ಕ ಏನಾಗುತ್ತದೆ ಅಂತ ಮನೆಯವರಿಗೂ ಗೊತ್ತಿತ್ತು. ನಾನು ಅದರ ಎರಡರಷ್ಟು ಅಂದೆ. ಅಮ್ಮ ಸ್ವಲ್ಪ ಹೊತ್ತು ಯೋಚಿಸಿ, "ಆಯ್ತು ಮಗ. ಆದ್ರೆ ಅದ್ರೊಳಗಿನ ಸಿಪ್ಪೆ ನಂಗೆ ಬೇಕು, ನೀರು ಕಾಯಿಸ್ಲಿಕ್ಕೆ. ಎಲ್ಲ ಬಚ್ಚಲಿನ ಹತ್ರ ಹಾಕಿ ಕೊಡಿ" ಅಂದರು. ಬುಟ್ಟಿಗಟ್ಟಲೆ ಸಿಪ್ಪೆ ಹೊತ್ತೆವು. ಅಡಿಯಲ್ಲಿ ಜಾಕಿ, ಸ್ಟಾರ್ಟಿಂಗ್ ಹ್ಯಾಂಡಲ್, ಒಂದು ಹಳೇ ಟಾರ್ಚ್ ಸಿಕ್ಕಿದವು. ಹ್ಯಾಂಡಲ್ ಸಿಕ್ಕಿದ್ದು ಲಾಭ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಹೊರಗೆ ತೆಗೆಯುವ ದಿನ ಕಾರ್ಕಳದಿಂದ ಒಬ್ಬರು ಹಿರಿಯ ಮೆಕ್ಯಾನಿಕ್ ಬಂದಿದ್ದರು. ಜೀಪ್ ಬಿಟ್ಟು ಬೇರೆ ಗಾಡಿಯನ್ನು ಗಾಡಿ ಅಂತ ಒಪ್ಪದವರು. ನಾವೆಲ್ಲ ಅವರನ್ನು ಅಣ್ಣ ಅನ್ನುತ್ತೇವೆ. ಗಾಳಿ ತುಂಬಿದ 6.00-16 ಟಯರಿನ ನಾಲ್ಕು ಚಕ್ರ ನಾನು ಕಡ ತಂದಿದ್ದೆ. ಬಲಗಡೆಯ ನಟ್ ಬಿಚ್ಚಿದವು. ಎಡಗಡೆ ನನ್ನ ಜೊತೆ ಬಂದ ಹುಡುಗ ಪೈಪ್ ಹಾಕಿ ಎಳೆಯಲು ಹೊರಟ. ಅಣ್ಣ ಅಲ್ಲಿಂದಲೇ ಬೊಬ್ಬೆ ಹಾಕಿದರು, "ಏಯ್, ಅದು ಉಲ್ಟಾ! ಸ್ಟಡ್ಡಿನ ತುದಿ ನೋಡು." ತುಕ್ಕು ಒರೆಸಿದರೆ ಸ್ಟಡ್ಡಿನ ತುದಿಯಲ್ಲಿ ಸಣ್ಣದೊಂದು ಎಲ್ ಅಕ್ಷರ. ಹಳೇ ಜೀಪಿನ ಎಡಗಡೆ ಚಕ್ರಕ್ಕೆ ಎಡ ತಿರುಪಿನ ನಟ್. ಓಡುವಾಗ ತನ್ನಿಂದ ತಾನೇ ಸಡಿಲವಾಗದಿರಲಿ ಅಂತ ಮಾಡಿದ್ದು. ಗೊತ್ತಿಲ್ಲದವರು ಬಿಚ್ಚುತ್ತೇವೆ ಅಂತ ಬಿಗಿ ಮಾಡಿ ಸ್ಟಡ್ ಕತ್ತರಿಸುತ್ತಾರೆ. ಈ ಗಾಡಿಯಲ್ಲೇ ಎಡ ಹಿಂದಿನ ಒಂದು ಸ್ಟಡ್ ಯಾವ ಕಾಲದಲ್ಲೋ ಹಾಗೆ ಹೋಗಿದೆ.

ಬ್ರೇಕ್ ಶೂ ನಾಲ್ಕೂ ಕಡೆ ಡ್ರಮ್ಮಿಗೆ ಕಚ್ಚಿದ್ದವು. ಬ್ಯಾಕ್ ಪ್ಲೇಟಿನ ಹಿಂದಿನ ಅಡ್ಜಸ್ಟರ್ ಸಡಿಲ ಮಾಡಿ, ಡ್ರಮ್ಮಿನ ಸುತ್ತ ಮರದ ತುಂಡಿಟ್ಟು ಬಡಿದರೆ ಮೂರು ಬಿಟ್ಟವು. ನಾಲ್ಕನೆಯದು ಮಧ್ಯಾಹ್ನ ಊಟ ಆದ ಮೇಲೆ ಬಿಟ್ಟಿತು. ಇಂಜಿನ್ ಜಾಮ್ ಆಗಿದ್ದರೂ ಎಳೆಯಲು ತೊಂದರೆ ಇಲ್ಲ. ಗೇರ್‌ಬಾಕ್ಸಿನ ಹಿಂದೆ ಇರುವ ಟ್ರಾನ್ಸ್‌ಫರ್ ಕೇಸಿನ ಲಿವರ್ ನ್ಯೂಟ್ರಲ್‌ಗೆ ಬಂದರೆ ಸಾಕು, ಚಕ್ರಕ್ಕೂ ಇಂಜಿನ್ನಿಗೂ ಸಂಬಂಧ ಇಲ್ಲ. ಲಿವರ್ ಬಂತು. ಹಟ್ಟಿಯ ಎದುರಿನ ಹಲಸಿನ ಮರಕ್ಕೆ ಗೋಣಿ ಸುತ್ತಿ ಚೈನ್ ಪುಲ್ಲಿ ಕಟ್ಟಿದೆವು. ಮರದ ತೊಗಟೆ ಹಾಳಾಗಬಾರದು ಅಂತ ಅಮ್ಮನ ಆರ್ಡರ್.

ಲಾರಿಗೆ ಹತ್ತಿಸಲು ಕ್ರೇನ್ ಬೇಕಾಗಲಿಲ್ಲ. ತೋಟಕ್ಕೆ ಇಳಿಯುವಲ್ಲಿ ಮುರಕಲ್ಲಿನ ದರೆ ಒಂದಿತ್ತು, ಸರಿಯಾಗಿ ಟಾಟಾ 407 ಲಾರಿಯ ಡಾಲಾದ ಎತ್ತರ. ಲಾರಿಯನ್ನು ಕೆಳಗಿನಿಂದ ರಿವರ್ಸ್ ತಂದು ದರೆಗೆ ಒತ್ತಿ ನಿಲ್ಲಿಸಿ, ಎರಡು ಹಲಗೆ ಹಾಕಿ ಜೀಪನ್ನು ಮೇಲಿನಿಂದ ದೂಡಿದೆವು. ಲಾರಿಯಲ್ಲಿ ಜೀಪ್ ಬಿಗಿಯುವಾಗ ಸ್ಪ್ರಿಂಗಿಗೆ ಹಗ್ಗ ಕಟ್ಟಬೇಡಿ, ಆಕ್ಸಲ್ ಹೌಸಿಂಗಿಗೆ ಕಟ್ಟಿ. ಪೆರ್ಡೂರು, ಹಿರಿಯಡ್ಕ ದಾರಿಯಾಗಿ ಮನೆಗೆ. ಹಿರಿಯಡ್ಕದಲ್ಲಿ ಚಾಕ್ಕೆ ನಿಲ್ಲಿಸಿದಾಗ ಜನ ಸೇರಿದರು. ಒಬ್ಬರು "ಡೀಸೆಲ್ ಹಾಕ್ಸಿ ಮಾರಾಯ್ರೆ, ಇದ್ರಲ್ಲಿ ಪೆಟ್ರೋಲ್ ಹಾಕಿ ಪೂರೈಸ್ಲಿಕ್ಕುಂಟಾ" ಅಂದರು. ಇಂಜಿನ್ ಬದಲಾಯಿಸಿದರೆ ಆರ್‌ಟಿಒ ಒಪ್ಪಿಗೆ ಪಡೆದು ಆರ್‌ಸಿಯಲ್ಲಿ ಬರೆಸಬೇಕು. ಅದಕ್ಕಿಂತ ದೊಡ್ಡ ಕಾರಣ, ಆ ಎತ್ತರದ ಬಾನೆಟ್ಟಿನಡಿ ಬೇರೆ ಇಂಜಿನ್ ನೋಡಲು ನನಗೆ ಮನಸ್ಸಿಲ್ಲ.

ಮನೆಯಲ್ಲಿ ಮೊದಲ ಕೆಲಸ ತೊಳೆಯುವುದು. ಪ್ರೆಶರ್ ವಾಶರ್ ಹಿಡಿದರೆ ಚಾಸಿಸ್ಸಿನ ಚಾನೆಲ್‌ನಿಂದ ಕೆಂಪು ಮಣ್ಣು ಅಂಗಳಕ್ಕೆಲ್ಲ ಹರಿಯಿತು. ವೈರಿಂಗ್ ಇಲಿಗೆ ಹೋಗಿದೆ, ಪೂರ್ತಿ ಹೊಸತು ಹಾಕಬೇಕು. ಇಷ್ಟು ಹಳೇ ಗಾಡಿಯಲ್ಲಿ ಇರುವುದೇ ನಾಲ್ಕು ವೈರ್, ಅದರ ಬಗ್ಗೆ ತಲೆಬಿಸಿ ಇಲ್ಲ.

ಈಗ ಇಂಜಿನ್. ಪ್ಲಗ್ ನಾಲ್ಕೂ ಬಿಚ್ಚಿ, ಮೊಬೈಲಿಗೆ ಸಿಕ್ಕಿಸುವ ಎಂಡೋಸ್ಕೋಪ್ ಕ್ಯಾಮೆರಾ ಇಳಿಸಿದೆ. ಒಂದು, ಎರಡು, ನಾಲ್ಕನೇ ಸಿಲಿಂಡರ್ ಗೋಡೆ ಬೂದು ಬಣ್ಣ, ಎಣ್ಣೆಯ ಹೊಳಪು ಇನ್ನೂ ಇತ್ತು. ಮೂರನೆಯದು ಮಾತ್ರ ಕೆಂಪು. ಅಣ್ಣ ನೋಡದೆಯೇ ಹೇಳಿದರು, "ಅದ್ರ ಎಕ್ಸಾಸ್ಟ್ ವಾಲ್ವ್ ತೆರೆದಿರ್ತದೆ ನೋಡಿ." ಸರಿಯಾಗಿತ್ತು. ಇಂಜಿನ್ ಆಫ್ ಆಗುವಾಗ ಯಾವ ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್ ತೆರೆದು ನಿಲ್ಲುತ್ತದೋ, ಅದಕ್ಕೆ ಸೈಲೆನ್ಸರ್ ದಾರಿಯಾಗಿ ಹೊರಗಿನ ಗಾಳಿ ಸೀದಾ ಬರುತ್ತದೆ. ಪ್ರತಿ ಮಳೆಗಾಲ ತೇವ ಹೊಕ್ಕು ಪಿಸ್ಟನ್ನಿನ ರಿಂಗ್ ಸಿಲಿಂಡರ್ ಗೋಡೆಗೆ ಅಂಟುತ್ತದೆ. ಗಾಡಿ ತಿಂಗಳುಗಟ್ಟಲೆ ನಿಲ್ಲಿಸುವವರು ಸೈಲೆನ್ಸರ್ ಬಾಯಿಗೆ ಎಣ್ಣೆ ಬಟ್ಟೆ ತುರುಕಿದರೆ ಅರ್ಧ ರಗಳೆ ತಪ್ಪುತ್ತದೆ.

ಡೀಸೆಲ್ ಮತ್ತು ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕುವ) ಎಣ್ಣೆ ಸಮ ಸಮ ಬೆರೆಸಿ ಪ್ಲಗ್ ತೂತಿನಿಂದ ಸುರಿದು ಬಿಟ್ಟೆ. ದಿನಾ ಸ್ವಲ್ಪ ಸ್ವಲ್ಪ. ತೆರೆದ ವಾಲ್ವಿನ ದಾರಿಯಲ್ಲಿ ಒಂದಷ್ಟು ಇಳಿದು ಹೋಗುತ್ತದೆ, ಮತ್ತೆ ಸುರಿಯಬೇಕು. ಸೆಲ್ಫ್ ಕೊಟ್ಟು ನೋಡುವುದು, ಗೇರಿಗೆ ಹಾಕಿ ಎಳೆಯುವುದು, ಇವೆರಡು ಬೇಡವೇ ಬೇಡ. ಅಂಟಿದ ರಿಂಗ್ ಒಡೆಯುತ್ತದೆ. ಹಟ್ಟಿಯಲ್ಲಿ ಸಿಕ್ಕಿದ ಹ್ಯಾಂಡಲ್ ಉಪಯೋಗಕ್ಕೆ ಬಂದದ್ದು ಇಲ್ಲಿ. ಮುಂದಿನ ಬಂಪರಿನ ತೂತಿನಿಂದ ತೂರಿಸಿ, ಆ ಕಡೆ ಒಂದು ನೂಲು, ಈ ಕಡೆ ಒಂದು ನೂಲು ಅಲ್ಲಾಡಿಸುವುದು. ಹೆಬ್ಬೆರಳನ್ನು ಉಳಿದ ಬೆರಳುಗಳ ಜೊತೆಗೇ ಇಡಬೇಕು, ಹಿಡಿಗೆ ಸುತ್ತಬಾರದು. ಈಗ ಪ್ಲಗ್ ಇಲ್ಲ ನಿಜ, ಆದರೆ ಮುಂದೆ ಸ್ಟಾರ್ಟ್ ಮಾಡುವಾಗ ಇಂಜಿನ್ ಹಿಂದೆ ಒದ್ದರೆ ಹೆಬ್ಬೆರಳು ಮುರಿಯುತ್ತದೆ. ಅಭ್ಯಾಸ ಈಗಲೇ ಆಗಲಿ. ಒಂದು ಸಂಜೆ ಕಟ್ ಅಂತ ಸದ್ದಾಗಿ ಹ್ಯಾಂಡಲ್ ಕಾಲು ಸುತ್ತು ಬಂತು. ಮತ್ತೆ ಎಣ್ಣೆ, ಮತ್ತೆ ಅಲ್ಲಾಟ. ಕೊನೆಗೆ ಪೂರ್ತಿ ಸುತ್ತಿತು.

ಇಂಜಿನ್ ತಿರುಗಿತು ಅಂತ ಸ್ಟಾರ್ಟ್ ಮಾಡಲು ಹೋಗಲಿಲ್ಲ. ಬದಿಯ ಟ್ಯಾಪೆಟ್ ಕವರ್ ತೆಗೆದರೆ ಮೂರನೇ ಎಕ್ಸಾಸ್ಟ್ ವಾಲ್ವ್ ಮೇಲೆಯೇ ನಿಂತಿತ್ತು, ಕೆಳಗಿಳಿಯುತ್ತಿಲ್ಲ. ಹೆಡ್ ತೆಗೆಯಲೇಬೇಕು. ಈ ಹೆಡ್ಡಿನ ಒಂದು ತಂಟೆ ಹೇಳಲೇಬೇಕು. ಇನ್‌ಟೇಕ್ ಮ್ಯಾನಿಫೋಲ್ಡ್ ಹೆಡ್ಡಿನಲ್ಲೇ ಸೇರಿಸಿ ಎರಕ ಹೊಯ್ದಿದ್ದಾರೆ. ಕಣ್ಣಿಗೆ ಕಾಣುವ ಬೋಲ್ಟ್ ಎಲ್ಲ ಬಿಚ್ಚಿದರೂ ಹೆಡ್ ಏಳುವುದಿಲ್ಲ. ಕಾರ್ಬುರೇಟರ್ ತೆಗೆದು, ಅದು ಕೂತಿದ್ದ ತೂತಿನೊಳಗೆ ಟಾರ್ಚ್ ಬಿಟ್ಟರೆ ಕಪ್ಪು ಮಸಿಯ ನಡುವೆ ಇನ್ನೊಂದು ಬೋಲ್ಟಿನ ತಲೆ ಕಾಣುತ್ತದೆ. ಅದನ್ನು ಬಿಚ್ಚದೆ ಸಂದಿಗೆ ಉಳಿ ಹಾಕಿ ಎಬ್ಬಿಸಿ ಹೆಡ್ ಒಡೆದ ಕಥೆಗಳನ್ನು ಅಣ್ಣ ನಗುತ್ತಾ ಹೇಳುತ್ತಾರೆ. ವಾಪಸ್ ಕೂರಿಸುವಾಗಲೂ ಅದನ್ನು ಉಳಿದವುಗಳ ಜೊತೆಗೇ ಟಾರ್ಕ್ ಮಾಡಬೇಕು, 60ರಿಂದ 70 ಅಡಿ-ಪೌಂಡ್.

ಮೂರನೇ ಸಿಲಿಂಡರಿನಲ್ಲಿ ರಿಂಗ್ ನಿಂತಿದ್ದ ಜಾಗಕ್ಕೆ ಸರಿಯಾಗಿ ಉಗುರಿಗೆ ಸಿಗುವಷ್ಟು ಹೊಂಡ. ಬರೀ ಉಜ್ಜಿ ನಯ ಮಾಡುವ ಹೋನಿಂಗ್‌ನಲ್ಲಿ ಹೋಗುವುದಿಲ್ಲ. ಬ್ಲಾಕ್ ಮಂಗಳೂರಿಗೆ ಬೋರಿಂಗಿಗೆ, ಅಂದರೆ ಸಿಲಿಂಡರ್ ದೊಡ್ಡದಾಗಿ ಕೊರೆಸಲು, ಹೋಗಿದೆ, 20 ಥೌ (ಇಂಚಿನ ಸಾವಿರದಲ್ಲೊಂದು ಪಾಲು ಒಂದು ಥೌ) ಓವರ್‌ಸೈಜ್ ಪಿಸ್ಟನ್ ಹಾಕುವುದು. ಬೆಂಗಳೂರಿನ ಜೆಸಿ ರೋಡಿನಲ್ಲಿ ಈ ಇಂಜಿನ್ನಿನ ಪಿಸ್ಟನ್, ರಿಂಗ್, ಗ್ಯಾಸ್ಕೆಟ್ ಈಗಲೂ ಸಿಗುತ್ತದೆ. ಜೋಡಿಸುವಾಗ ಇನ್‌ಟೇಕ್ ವಾಲ್ವಿಗೆ 18 ಥೌ, ಎಕ್ಸಾಸ್ಟಿಗೆ 16 ಥೌ ಸಂದಿ, ಇಂಜಿನ್ ತಣ್ಣಗಿರುವಾಗ. ಡಿಸ್ಟ್ರಿಬ್ಯೂಟರಿನ ಪಾಯಿಂಟ್ ಸಂದಿ 20 ಥೌ, ಪ್ಲಗ್ ಸಂದಿ 30 ಥೌ. ಸಿಲಿಂಡರಿಗೆ ಕಿಡಿ ಬೀಳುವ ಕ್ರಮ, ಫೈರಿಂಗ್ ಆರ್ಡರ್, 1-3-4-2. ಇದನ್ನು ಶೆಡ್ಡಿನ ಗೋಡೆಗೆ ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದೇನೆ.

ಪೆಟ್ರೋಲ್ ಲೈನಿನ ವಿಷಯದಲ್ಲಿ ಹಳೇ ಕ್ರಮ ನಡೆಯುವುದಿಲ್ಲ. ಈಗ ಪಂಪಿನಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆತ ಪೆಟ್ರೋಲ್. ಹಳೇ ರಬ್ಬರ್ ಪೈಪ್, ಫ್ಯುಯೆಲ್ ಪಂಪಿನ ಡಯಾಫ್ರಮ್ ಅದಕ್ಕೆ ಮೆತ್ತಗಾಗುತ್ತವೆ. ಎಥನಾಲ್ ತಡೆಯುವ ಪೈಪ್, ಡಯಾಫ್ರಮ್ ತರಿಸಿದ್ದೇನೆ. ಸೀಟಿನಡಿಯ ಟ್ಯಾಂಕ್ ಬಿಚ್ಚಿದಾಗ ಒಳಗಿನ ಹಳೇ ಪೆಟ್ರೋಲ್ ವಾರ್ನಿಶ್ ವಾಸನೆ ಹೊಡೆಯುತ್ತಿತ್ತು. ಒಂದು ಮೊಳ ಸರಪಳಿ, ಸೀಮೆಎಣ್ಣೆ ಹಾಕಿ ಕುಲುಕಿ ಕುಲುಕಿ ತೊಳೆದಾಯಿತು. ತಳದಲ್ಲಿ ಎರಡು ಸೂಜಿತೂತು ಇವೆ. ಪೆಟ್ರೋಲ್ ಟ್ಯಾಂಕಿಗೆ ಮನೆಯಲ್ಲಿ ವೆಲ್ಡಿಂಗ್ ಹಿಡಿಯುವ ಧೈರ್ಯ ಯಾರೂ ಮಾಡಬೇಡಿ, ಆವಿ ತೆಗೆದು ಮಾಡುವವರಿಗೇ ಕೊಡಿ.

ಬ್ಲಾಕ್ ಬರುವಷ್ಟರಲ್ಲಿ ಚಾಸಿಸ್ ಕೆಲಸ ಮುಗಿಸಬೇಕು. ಬಾಡಿ ಎತ್ತಿ ಇಟ್ಟಾಗಿದೆ. ಆ ತಿಂದ ಮೂಲೆ ಕತ್ತರಿಸಿ ಅದೇ ದಪ್ಪದ ಪ್ಲೇಟ್ ಬೆಸೆದು, ಆಮೇಲೆ ಸ್ಯಾಂಡ್‌ಬ್ಲಾಸ್ಟಿಂಗ್. ಇದು ಮೇ ತಿಂಗಳೊಳಗೆ ಆಗಬೇಕು. ಬ್ಲಾಸ್ಟ್ ಮಾಡಿದ ಬರಿ ಕಬ್ಬಿಣ ನಮ್ಮ ಗಾಳಿಗೆ ಒಂದು ರಾತ್ರಿಯಲ್ಲಿ ಕೆಂಪಾಗುತ್ತದೆ, ಮಳೆ ಶುರುವಾದರೆ ಕೇಳುವುದೇ ಬೇಡ. ಬೆಳಿಗ್ಗೆ ಬ್ಲಾಸ್ಟ್, ಅದೇ ಸಂಜೆ ಪ್ರೈಮರ್. ಪ್ರೈಮರ್‌ಗೆ ಕಾರಿನ ಪೇಂಟರ್ ಬದಲು ಮಲ್ಪೆಯಲ್ಲಿ ಸ್ಟೀಲ್ ಬೋಟಿಗೆ ಬಣ್ಣ ಹೊಡೆಯುವವರನ್ನೇ ಮಾತಾಡಿಸಿದ್ದೇನೆ. ಜಿಂಕ್ ಪ್ರೈಮರ್, ಮೇಲೆ ಎಪಾಕ್ಸಿ. ಉಪ್ಪಿನ ಜೊತೆ ಜಗಳ ಮಾಡಿ ಅಭ್ಯಾಸ ಇರುವವರು ಅವರು.

ಸದ್ಯಕ್ಕೆ ಸಿಗದಿರುವುದು ಒಂದೇ. ಡ್ಯಾಶ್‌ಬೋರ್ಡಿನ ನಡುವೆ ಬರುವ ದೊಡ್ಡ ಗುಂಡು ಸ್ಪೀಡೋಮೀಟರ್, ಒಳಗೇ ಪೆಟ್ರೋಲ್, ಟೆಂಪರೇಚರ್ ಮುಳ್ಳು ಇರುವಂಥದ್ದು. ನನ್ನ ಗಾಡಿಯಲ್ಲಿ ಆ ಜಾಗದಲ್ಲಿ ತೂತು ಮಾತ್ರ ಉಳಿದಿದೆ. ಯಾರ ಅಟ್ಟದಲ್ಲೋ ಹಟ್ಟಿಯಲ್ಲೋ ಒಂದು ಬಿದ್ದಿದ್ದರೆ ದಯವಿಟ್ಟು ಹೇಳಿ. ಗಾಜು ಒಡೆದಿದ್ದರೂ ಅಡ್ಡಿಯಿಲ್ಲ, ಮುಳ್ಳು ಕಿತ್ತಿದ್ದರೂ ಆಗುತ್ತದೆ.